ಒಂದೇ ಸರ್‌ನೇಮ್ ಇದ್ದವರು ಒಂದೇ ವಂಶದವರಾ? ಡಿಎನ್‌ಎ ಟೆಸ್ಟ್‌ನಿಂದ ಕಂಡುಕೊಳ್ಳುವ ಬಗೆ

"ನಮ್ಮದೂ ಅದೇ ಸರ್‌ನೇಮ್, ಅವರದೂ ಅದೇ. ಹಾಗಾದ್ರೆ ನಾವೆಲ್ಲ ಒಂದೇ ಮೂಲದವರಾ? ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಗೊತ್ತಾಗುತ್ತಾ?" ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಗೊತ್ತಾಗುತ್ತದೆ. ಆದರೆ ನೀವೊಬ್ಬರೇ ಟೆಸ್ಟ್ ಮಾಡಿಸಿಕೊಂಡು ಕೂತರೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ಫಲಿತಾಂಶ ಅಂದರೆ ಸುಮ್ನೆ ಒಂದಷ್ಟು ಸಂಖ್ಯೆಗಳ ಸಾಲು. ಇನ್ನೊಬ್ಬರ ಸಾಲಿನ ಪಕ್ಕ ಇಟ್ಟಾಗಲೇ ಅದಕ್ಕೆ ಅರ್ಥ ಬರುವುದು. ಹಾಗಾಗಿ ಯಾವ ಕಂಪನಿಯ ಕಿಟ್ ಕೊಳ್ಳಬೇಕು ಅನ್ನುವುದಕ್ಕಿಂತ ಯಾರ ಜೊತೆ ಹೋಲಿಸಬೇಕು ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಿ.

1. ಯಾವ ಟೆಸ್ಟ್ ಅಂತ ಮೊದಲು ತಿಳಿದುಕೊಳ್ಳಿ

ಮೂರು ಬಗೆಯ ಟೆಸ್ಟ್‌ಗಳಿವೆ. ಹೆಚ್ಚಿನವರು ತಪ್ಪುವುದು ಇಲ್ಲೇ.

ವೈ-ಡಿಎನ್‌ಎ ಟೆಸ್ಟ್: ವೈ ಕ್ರೋಮೋಸೋಮ್ ಇರುವುದು ಗಂಡಸರಲ್ಲಿ ಮಾತ್ರ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಅದು ಹೆಚ್ಚುಕಡಿಮೆ ಹಾಗೇ ಇಳಿದು ಬರುತ್ತದೆ. ಬೇರೆ ಕ್ರೋಮೋಸೋಮ್‌ಗಳಲ್ಲಿ ಅಪ್ಪ ಅಮ್ಮ ಇಬ್ಬರದೂ ಕಲಸಿಹೋಗುತ್ತದೆ, ಇದರಲ್ಲಿ ತುದಿಗಳನ್ನು ಬಿಟ್ಟರೆ ಆ ಕಲಸಾಟ ಇಲ್ಲ. ಸರ್‌ನೇಮ್ ಕೂಡ ಅಪ್ಪನಿಂದ ಮಕ್ಕಳಿಗೆ ಬರುವಂಥದ್ದಾದರೆ ಹೆಸರೂ ವೈ ಕ್ರೋಮೋಸೋಮೂ ಒಂದೇ ದಾರಿಯಲ್ಲಿ ನಡೆಯುತ್ತವೆ. ನಮಗೆ ಬೇಕಾದದ್ದು ಇದೇ.

ಆಟೋಸೋಮಲ್ ಟೆಸ್ಟ್: ಜಾಹೀರಾತಿನಲ್ಲಿ ಕಾಣುವುದು ಬಹುತೇಕ ಇದೇ. ಗಂಡಸರು, ಹೆಂಗಸರು ಇಬ್ಬರೂ ಮಾಡಿಸಬಹುದು. ಎಲ್ಲಾ ಕಡೆಯ ನೆಂಟರನ್ನೂ ತೋರಿಸುತ್ತದೆ, ಆದರೆ ನಾಲ್ಕೈದು ತಲೆಮಾರಿನ ಆಚೆಗೆ ಕಣ್ಣು ಮಂಜಾಗುತ್ತದೆ.

ಮೈಟೋಕಾಂಡ್ರಿಯಲ್ ಟೆಸ್ಟ್: ತಾಯಿಯಿಂದ ಮಕ್ಕಳಿಗೆ ಬರುವ ಡಿಎನ್‌ಎ. ಅಪ್ಪನ ಕಡೆಯಿಂದ ಬರುವ ಸರ್‌ನೇಮ್ ಹುಡುಕಾಟಕ್ಕೆ ಇದರಿಂದ ಪ್ರಯೋಜನವಿಲ್ಲ. ಮುಂದೆ ಹೋಗೋಣ.

ನೀವು ಹೆಣ್ಣುಮಗಳಾಗಿದ್ದರೆ ಬೇಜಾರು ಬೇಡ. ನಿಮ್ಮ ಅಪ್ಪ, ಅಣ್ಣ ಅಥವಾ ತಮ್ಮ ಸ್ಯಾಂಪಲ್ ಕೊಡಬಹುದು. ಅವರು ಯಾರೂ ಇಲ್ಲದಿದ್ದರೆ ದೊಡ್ಡಪ್ಪ, ಚಿಕ್ಕಪ್ಪ ಅಥವಾ ಅವರ ಗಂಡುಮಕ್ಕಳು. ಸೋದರಮಾವ ಆಗುವುದಿಲ್ಲ, ಅವರದು ನಿಮ್ಮ ತಾಯಿಯ ತವರಿನ ವೈ. ಅತ್ತೆಯ ಮಗನೂ ಆಗುವುದಿಲ್ಲ, ಅವನದು ಅವನ ಅಪ್ಪನ ವೈ. ಆದರೆ ನಿಮ್ಮ ತಾಯಿಯ ತವರಿನ ಹೆಸರಿನ ಬೆನ್ನು ಹತ್ತಿದ್ದೀರಿ ಅಂದರೆ ಸೋದರಮಾವನೇ ಸರಿಯಾದ ಆಸಾಮಿ.

2. ಪ್ರಶ್ನೆಯನ್ನು ಬರೆದಿಡಿ, ವಂಶವೃಕ್ಷ ಹಾಕಿ

"ನಮ್ಮ ಹೆಸರಿನವರೆಲ್ಲ ಎಲ್ಲಿಂದ ಬಂದರು?" ಅನ್ನುವುದು ಟೆಸ್ಟ್ ಉತ್ತರ ಕೊಡುವಂಥ ಪ್ರಶ್ನೆ ಅಲ್ಲ. "ನನ್ನ ಮುತ್ತಜ್ಜನ ಗಂಡುಸಂತತಿಗೂ, ಇದೇ ಹೆಸರಿನ ಇನ್ನೊಂದು ಮನೆತನಕ್ಕೂ ಮೂಲಪುರುಷ ಒಬ್ಬನೇನಾ?" ಇದು ಸರಿಯಾದ ಪ್ರಶ್ನೆ. ಇದಕ್ಕೆ ಹೌದು ಅಥವಾ ಇಲ್ಲ ಅನ್ನುವ ಉತ್ತರ ಬರುತ್ತದೆ.

ಎರಡೂ ಮನೆತನಗಳ ಗಂಡುಸಾಲನ್ನು ಕಾಗದದ ಮೇಲೆ ಬರೆಯಿರಿ. ಪ್ರತಿ ಹೆಸರಿನ ಪಕ್ಕದಲ್ಲಿ ಅದು ಹೇಗೆ ಗೊತ್ತು ಅನ್ನುವುದೂ ಇರಲಿ: ಜನನ ದಾಖಲೆ, ಜಮೀನಿನ ಪತ್ರ, ಅಥವಾ ಹಿರಿಯರು ಹೇಳಿದ್ದು. ಬಾಯಿಮಾತಿನ ಕೊಂಡಿಗೆ ಬೇರೆ ಬಣ್ಣದ ಇಂಕು ಬಳಸಿ. ಮುಂದೆ ಫಲಿತಾಂಶ ತಾಳೆಯಾಗದಿದ್ದಾಗ ಮೊದಲು ಅನುಮಾನಿಸಬೇಕಾದ್ದು ಆ ಬಣ್ಣವನ್ನೇ.

ಇದೇ ಹೊತ್ತಿಗೆ ಹೆಸರಿನ ಬಗ್ಗೆಯೂ ಯೋಚಿಸಿ. ಕಸುಬಿನಿಂದ ಬಂದ ಹೆಸರು ನೂರಾರು ಕಡೆ ನೂರಾರು ಜನಕ್ಕೆ ಬೇರೆ ಬೇರೆಯಾಗಿ ಅಂಟಿಕೊಂಡಿರುತ್ತದೆ. ಹುದ್ದೆಯಿಂದ, ಊರಿನಿಂದ ಬಂದ ಹೆಸರುಗಳ ಕಥೆಯೂ ಅಷ್ಟೇ. ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಸರ್‌ನೇಮ್‌ಗಳ 1,678 ಗಂಡಸರ ವೈ-ಡಿಎನ್‌ಎ ನೋಡಿ 2009ರಲ್ಲಿ ವರದಿ ಮಾಡಿದರು. ಅಟೆನ್‌ಬರೋ ತರಹದ ಅಪರೂಪದ ಹೆಸರಿನವರಲ್ಲಿ ಬಹುಪಾಲು ಜನರ ವೈ ಒಂದೇ ಕುಟುಂಬದ್ದು. ಸ್ಮಿತ್ ಅಂದರೆ ಕಮ್ಮಾರ. ಆ ಹೆಸರಿನವರನ್ನು ನೋಡಿದರೆ ಬೀದಿಯಲ್ಲಿ ಸಿಕ್ಕಸಿಕ್ಕವರನ್ನು ಆರಿಸಿ ತಂದಷ್ಟೇ ವೈವಿಧ್ಯ. ನಿಮ್ಮ ಹೆಸರು ಅಪರೂಪದ್ದಾದಷ್ಟೂ ಈ ಟೆಸ್ಟ್‌ನಿಂದ ಉಪಯೋಗ ಜಾಸ್ತಿ. ಎಲ್ಲೆಲ್ಲೂ ಕೇಳಿಬರುವ ಹೆಸರಾದರೆ, ಒಂದೇ ಪ್ರದೇಶದ ಒಂದೆರಡು ಮನೆತನಗಳಿಗೆ ಮಾತ್ರ ಪ್ರಶ್ನೆಯನ್ನು ಸೀಮಿತ ಮಾಡಿಕೊಳ್ಳಿ.

ಇನ್ನೊಂದು ವಿಷಯ. ಸರ್‌ನೇಮ್ ಪ್ರತಿ ತಲೆಮಾರಿಗೂ ಬದಲಾಗುವ ಕಡೆ, ಅಂದರೆ ಅಪ್ಪನ ಹೆಸರೇ ಮಗನಿಗೆ ಸರ್‌ನೇಮ್ ಆಗುವ ಕಡೆ, ಹೆಸರನ್ನು ಹಿಡಿದು ಹೊರಡುವುದರಲ್ಲಿ ಅರ್ಥವಿಲ್ಲ. ಐಸ್‌ಲ್ಯಾಂಡ್‌ನಲ್ಲಿ ಇವತ್ತಿಗೂ ಬಹುತೇಕ ಹಾಗೇ ಇದೆ. ಅಂಥಲ್ಲಿ ದಾಖಲೆಯ ಗಂಡುಸಾಲೇ ಆಧಾರ.

3. ಟೆಸ್ಟ್ ಯಾರಿಗೆ ಮಾಡಿಸಬೇಕು?

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದು. ಇಲ್ಲಿ ಎಡವಿದರೆ ಮುಂದಿನ ಖರ್ಚೆಲ್ಲ ದಂಡ.

ಅಣ್ಣ ತಮ್ಮ ಇಬ್ಬರಿಗೂ ಮಾಡಿಸುತ್ತಾರೆ, ಅಪ್ಪ ಮಗ ಇಬ್ಬರಿಗೂ ಮಾಡಿಸುತ್ತಾರೆ. ಯಾಕೆ? ಅವರಿಬ್ಬರ ವೈ ಒಂದೇ ಇರುತ್ತದೆ ಅಂತ ಮೊದಲೇ ಗೊತ್ತಲ್ವಾ. ಎರಡನೇ ಕಿಟ್‌ನಿಂದ ಹೊಸದಾಗಿ ಏನೂ ತಿಳಿಯುವುದಿಲ್ಲ.

ಮಾಡಬೇಕಾದ್ದು ಹೀಗೆ. ನಿಮ್ಮ ವಂಶವೃಕ್ಷದಲ್ಲಿ ದಾಖಲೆ ಸಿಗುವ ಅತಿ ಹಳೆಯ ಮೂಲಪುರುಷನನ್ನು ಹಿಡಿಯಿರಿ. ಅವನಿಗೆ ಇಬ್ಬರು ಗಂಡುಮಕ್ಕಳಿದ್ದರು ಅಂತಿಟ್ಟುಕೊಳ್ಳಿ. ಹಿರಿಯವನ ಕವಲಿನಿಂದ ಈಗ ಬದುಕಿರುವ ಒಬ್ಬ, ಕಿರಿಯವನ ಕವಲಿನಿಂದ ಒಬ್ಬ. ಈ ಇಬ್ಬರು ದೂರದ ದಾಯಾದಿಗಳು ಸ್ಯಾಂಪಲ್ ಕೊಡಲಿ. ಇಬ್ಬರದೂ ಹೊಂದಿದರೆ ನಡುವಿನ ಎಲ್ಲ ಕೊಂಡಿಗಳೂ ಗಟ್ಟಿ ಅಂತಾಯಿತು, ಮೂಲಪುರುಷನ ವೈ ಹೇಗಿತ್ತು ಅನ್ನುವುದೂ ಸಿಕ್ಕಂತಾಯಿತು. ಅದಾದ ಮೇಲೆ ಇನ್ನೊಂದು ಮನೆತನದಲ್ಲೂ ಹೀಗೇ ಇಬ್ಬರು. ಒಟ್ಟು ನಾಲ್ಕು ಕಿಟ್. ಕೈ ಬಿಗಿಯಿದ್ದರೆ ಒಂದೊಂದು ಮನೆತನದಿಂದ ಒಬ್ಬೊಬ್ಬರಿಂದ ಶುರು ಮಾಡಬಹುದು. ಹೊಂದಿದರೆ ಒಳ್ಳೆಯದೇ. ಹೊಂದದಿದ್ದರೆ ಮಾತ್ರ, ಎರಡು ಮನೆತನ ಬೇರೆ ಬೇರೆ ಅಂತ ತಕ್ಷಣ ತೀರ್ಮಾನಿಸಬೇಡಿ. ಒಂದು ಮನೆತನದ ಒಳಗೇ ಎಲ್ಲೋ ಕೊಂಡಿ ಕಳಚಿರಬಹುದು.

ಇದಕ್ಕೆ ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್‌ನ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2012ರಲ್ಲಿ ಲೆಸ್ಟರ್‌ನಲ್ಲಿ ಅವನ ಅಸ್ಥಿಪಂಜರ ಸಿಕ್ಕಿತು. ತಾಯಿಯ ಕಡೆಯ ಮೈಟೋಕಾಂಡ್ರಿಯಲ್ ಡಿಎನ್‌ಎ ಈಗಿನ ನೆಂಟರ ಜೊತೆ ಹೊಂದಿತು. ವೈ ಹೊಂದಲಿಲ್ಲ. ರಾಜಮನೆತನದ ಗಂಡುಸಾಲಿನವರು ಅಂತ ದಾಖಲೆಯಲ್ಲಿರುವ ಐವರ ಜೊತೆ ಹೋಲಿಸಿದರು. ಒಬ್ಬರದೂ ರಿಚರ್ಡ್‌ಗೆ ತಾಳೆಯಾಗಲಿಲ್ಲ. ಅಷ್ಟೇ ಅಲ್ಲ, ಐವರಲ್ಲಿ ಒಬ್ಬರದು ಉಳಿದ ನಾಲ್ವರಿಗೂ ತಾಳೆಯಾಗಲಿಲ್ಲ! ಐವರನ್ನು ಪರೀಕ್ಷಿಸಿದ್ದರಿಂದಲೇ ಕೊಂಡಿ ಎರಡು ಕಡೆ ಕಳಚಿದೆ ಅನ್ನುವುದು ತಿಳಿಯಿತು. ಒಬ್ಬರನ್ನೇ ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

4. ಒಪ್ಪಿಗೆ ಕೇಳುವಾಗ ಪೂರ್ತಿ ವಿಷಯ ಹೇಳಿ

"ಸುಮ್ನೆ ಒಂದು ಟೆಸ್ಟ್, ಕೆನ್ನೆಯೊಳಗೆ ಹತ್ತಿ ಉಜ್ಜಿಕೊಳ್ಳಿ ಸಾಕು" ಅಂತ ಹಿರಿಯರಿಂದ ಸ್ಯಾಂಪಲ್ ತೆಗೆದುಕೊಳ್ಳುವುದು ತಪ್ಪು. ಕೆಲವು ದೇಶಗಳಲ್ಲಿ ಅಪರಾಧವೂ ಹೌದು. ಬ್ರಿಟನ್ನಿನಲ್ಲಿ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಡಿಎನ್‌ಎ ಪರೀಕ್ಷಿಸುವಂತಿಲ್ಲ. ಫ್ರಾನ್ಸ್‌ನಲ್ಲಂತೂ ವಂಶ ಹುಡುಕಲು ಖಾಸಗಿಯಾಗಿ ಡಿಎನ್‌ಎ ಟೆಸ್ಟ್ ಮಾಡಿಸಿಕೊಳ್ಳುವುದಕ್ಕೇ ದಂಡವಿದೆ. ಸ್ಯಾಂಪಲ್ ಕೊಡುವವರು ಯಾವ ದೇಶದಲ್ಲಿದ್ದಾರೋ ಅಲ್ಲಿನ ನಿಯಮ, ಸ್ಯಾಂಪಲ್ ಹೊರದೇಶಕ್ಕೆ ಕಳಿಸುವ ನಿಯಮ, ಎರಡನ್ನೂ ಕಿಟ್ ತರಿಸುವ ಮೊದಲೇ ನೋಡಿಕೊಳ್ಳಿ.

ಅವರಿಗೆ ಹೇಳಲೇಬೇಕಾದ ಮಾತುಗಳಿವು:

- ಅಂದುಕೊಂಡ ಉತ್ತರ ಬರದೇ ಇರಬಹುದು. ಮನೆಯಲ್ಲಿ ಯಾರೂ ಆಡದ ವಿಷಯವೊಂದು ಹೊರಗೆ ಬರಬಹುದು.
- ಫಲಿತಾಂಶವನ್ನು ಯಾರು ನೋಡುತ್ತಾರೆ, ಹೆಸರು ಕಾಣುತ್ತದೆಯೋ ಇಲ್ಲವೋ.
- ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಮಾಹಿತಿ ಅಳಿಸಿ ಅಂತ ಕೇಳಬಹುದು.
- ಒಬ್ಬರು ಕೊಟ್ಟ ಡಿಎನ್‌ಎ ನೆಂಟರೆಲ್ಲರ ಬಗ್ಗೆಯೂ ಸ್ವಲ್ಪ ಸ್ವಲ್ಪ ಹೇಳಿಬಿಡುತ್ತದೆ.

ಕೊನೆಯದು ಬಾಯಿಮಾತಲ್ಲ. 2018ರಲ್ಲಿ ಅಮೆರಿಕದಲ್ಲಿ 'ಗೋಲ್ಡನ್ ಸ್ಟೇಟ್ ಕಿಲ್ಲರ್' ಎಂಬ ಹಳೆಯ ಸರಣಿ ಕೊಲೆಗಾರ ಸಿಕ್ಕಿಬಿದ್ದದ್ದು ದೂರದ ನೆಂಟರ ಡಿಎನ್‌ಎಯಿಂದ. ಅವರು ಜೆಡ್‌ಮ್ಯಾಚ್ ಎಂಬ ತಾಣಕ್ಕೆ ತಮ್ಮ ವಂಶ ಹುಡುಕಲೆಂದು ಅದನ್ನು ಹಾಕಿದ್ದರು. ಕೊಲೆಗಾರ ಸಿಕ್ಕಿದ್ದು ಒಳ್ಳೆಯದೇ, ಆದರೆ ಆ ನೆಂಟರನ್ನು ಯಾರೂ ಕೇಳಿರಲಿಲ್ಲ. ಇನ್ನು 2023ರಲ್ಲಿ 23ಆಂಡ್‌ಮಿ ಕಂಪನಿಯಿಂದ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿಕೆಯಾಯಿತು. ಬೇರೆ ತಾಣಗಳಲ್ಲಿ ಬಳಸಿದ್ದ ಹಳೆಯ ಪಾಸ್‌ವರ್ಡ್‌ಗಳೇ ಕಳ್ಳರಿಗೆ ದಾರಿಯಾದವು. ಕಿಟ್‌ನ ಖಾತೆಗೆ ಹೊಸ ಪಾಸ್‌ವರ್ಡ್ ಇಡಿ, ಎರಡು ಹಂತದ ಲಾಗಿನ್ ಹಾಕಿ.

ಚಿಕ್ಕ ಮಕ್ಕಳ ಸ್ಯಾಂಪಲ್ ಬೇಡ. ಅವರ ಅಪ್ಪನದು ಸಿಕ್ಕರೆ ಸಾಕು.

5. ಎಷ್ಟು ಮಾರ್ಕರ್‌ಗಳ ಟೆಸ್ಟ್?

ಮಾರ್ಕರ್ ಅಂದರೆ ವೈ ಕ್ರೋಮೋಸೋಮಿನ ಒಂದು ಗೊತ್ತಾದ ಜಾಗ. ಅಲ್ಲಿ ಡಿಎನ್‌ಎಯ ಒಂದು ಪುಟ್ಟ ತುಣುಕು ಒಂದರ ಹಿಂದೊಂದು ಹಲವು ಸಲ ಬಂದಿರುತ್ತದೆ. ಎಷ್ಟು ಸಲ ಅಂತ ಎಣಿಸುತ್ತಾರೆ. ಅದೇ ನಿಮ್ಮ ಸಂಖ್ಯೆ. ಈ ಬಗೆಯ ಮಾರ್ಕರ್‌ಗೆ ಎಸ್‌ಟಿಆರ್ ಅನ್ನುತ್ತಾರೆ. ಓಲೆಗರಿಯನ್ನು ಪ್ರತಿ ಮಾಡುವವನು ಒಂದು ಪದವನ್ನು ಒಮ್ಮೆ ಜಾಸ್ತಿ ಬರೆದುಬಿಟ್ಟರೆ ಅವನ ಪ್ರತಿಯಿಂದ ಮುಂದೆ ಮಾಡಿದ ಪ್ರತಿಗಳಲ್ಲೆಲ್ಲ ಆ ತಪ್ಪು ಉಳಿಯುತ್ತದಲ್ಲ, ಇದೂ ಹಾಗೇ. ಯಾವುದೋ ತಲೆಮಾರಿನಲ್ಲಿ 10 ಇದ್ದದ್ದು 11 ಆದರೆ ಆಮೇಲಿನ ಗಂಡುಸಂತತಿಗೆಲ್ಲ 11.

ಹಿಂದೆ 12 ಮಾರ್ಕರ್‌ಗಳ ಟೆಸ್ಟ್ ಇತ್ತು. ಹಳೆಯ ಪಟ್ಟಿಗಳಲ್ಲಿ ಇನ್ನೂ ಕಾಣುತ್ತದೆ. ಅದನ್ನು ನಂಬಿ ನೆಂಟಸ್ತಿಕೆ ಸಾರಬೇಡಿ. ಸಾವಿರಾರು ವರ್ಷ ಹಿಂದೆ ಬೇರೆಯಾದವರದೂ 12ರಲ್ಲಿ 12 ಹೊಂದಿಬಿಡುತ್ತದೆ. ಶುರು ಮಾಡಲು 37 ಸಾಕು. 111 ಆದರೆ ಹೆಚ್ಚು ಸ್ಪಷ್ಟ. ಅದರ ಮೇಲೆ 'ಬಿಗ್ ವೈ' ತರಹದ ಟೆಸ್ಟ್ ಇದೆ, ಅದು ವೈ ಕ್ರೋಮೋಸೋಮಿನ ದೊಡ್ಡ ಭಾಗವನ್ನೇ ಅಕ್ಷರ ಅಕ್ಷರವಾಗಿ ಓದುತ್ತದೆ. ಮೊದಲೇ ಅದಕ್ಕೆ ಕೈ ಹಾಕುವ ಅಗತ್ಯ ಹೆಚ್ಚಿನವರಿಗೆ ಇಲ್ಲ.

ಕಂಪನಿ ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ನನ್ನ ವೈಗೆ ಹೊಂದುವ ಬೇರೆ ಗಂಡಸರ ಪಟ್ಟಿ ಕೊಡುತ್ತೀರಾ? ಫ್ಯಾಮಿಲಿಟ್ರೀಡಿಎನ್‌ಎ ಕೊಡುತ್ತದೆ, ಸರ್‌ನೇಮ್ ಪ್ರಾಜೆಕ್ಟ್‌ಗಳನ್ನೂ ನಡೆಸಲು ಬಿಡುತ್ತದೆ. ಸರ್‌ನೇಮ್ ಪ್ರಾಜೆಕ್ಟ್ ಅಂದರೆ ಒಂದೇ ಹೆಸರಿನವರು ತಮ್ಮ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ಹೋಲಿಸುವ ಗುಂಪು. ಆನ್ಸೆಸ್ಟ್ರಿ, ಮೈಹೆರಿಟೇಜ್ ಮುಖ್ಯವಾಗಿ ಆಟೋಸೋಮಲ್ ಟೆಸ್ಟ್‌ಗೆ. 23ಆಂಡ್‌ಮಿ ಗಂಡಸರಿಗೆ ವೈ ಗುಂಪಿನ ಹೆಸರು ಹೇಳುತ್ತದೆ, ವೈ ಹೊಂದಿಕೆಯ ಪಟ್ಟಿ ಕೊಡುವುದಿಲ್ಲ.

ಕಿಟ್ ಕೊಳ್ಳುವ ಮೊದಲು ನಿಮ್ಮ ಹೆಸರಿನ ಪ್ರಾಜೆಕ್ಟ್ ಈಗಾಗಲೇ ಇದೆಯಾ ಅಂತ ಹುಡುಕಿ. ಬೇರೆ ಬೇರೆ ಕಾಗುಣಿತದಲ್ಲೂ ಹುಡುಕಿ. ಒಂದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ಮನೆಯವರು ಮೂರು ಥರ ಬರೆಯುತ್ತಾರೆ.

6. ಸ್ಯಾಂಪಲ್ ಕೊಡುವಾಗ

ಕೊಡುವ ಮೊದಲು ಒಂದು ಗಂಟೆ ಊಟ, ಕಾಫಿ, ಸಿಗರೇಟು ಏನೂ ಬೇಡ. ಕಿಟ್‌ನಲ್ಲಿ ಹೇಳಿದಷ್ಟು ಹೊತ್ತು ಕೆನ್ನೆಯ ಒಳಭಾಗ ಉಜ್ಜಿ. ಎಂಜಲಿನ ಕಿಟ್ ಆದರೆ ಗುರುತಿನವರೆಗೆ ಎಂಜಲೇ ಇರಬೇಕು, ನೊರೆ ಅಲ್ಲ. ಒಂದೇ ಮನೆಯಲ್ಲಿ ಇಬ್ಬರು ಕೊಡುತ್ತಿದ್ದರೆ ಒಬ್ಬರ ಕೆಲಸ ಮುಗಿಸಿ, ಲೇಬಲ್ ಹಚ್ಚಿ, ಕವರ್ ಮುಚ್ಚಿದ ಮೇಲೆಯೇ ಇನ್ನೊಂದು ಕಿಟ್ ತೆರೆಯಿರಿ. ಸ್ಯಾಂಪಲ್ ಅದಲುಬದಲಾದರೆ ಆಮೇಲೆ ಹಿಡಿಯುವುದು ಬಹಳ ಕಷ್ಟ. ಫಲಿತಾಂಶಕ್ಕೆ ವಾರಗಳು ಹಿಡಿಯುತ್ತವೆ, ಕೆಲವೊಮ್ಮೆ ತಿಂಗಳುಗಳು.

7. ಫಲಿತಾಂಶ ಓದುವುದು

ಇಲ್ಲಿ ನಿಧಾನವಾಗಿ ಹೋಗೋಣ. ಒಂದೇ ಸರ್‌ನೇಮಿನ ಮೂವರು 37 ಮಾರ್ಕರ್‌ಗಳ ಟೆಸ್ಟ್ ಮಾಡಿಸಿದ್ದಾರೆ ಅಂದುಕೊಳ್ಳಿ. ಹಿರಿಯ ಕವಲಿನವನು, ಕಿರಿಯ ಕವಲಿನವನು, ಹೊರಗಿನ ಮನೆತನದವನು. ಕಲ್ಪಿಸಿಕೊಂಡ ಉದಾಹರಣೆ ಇದು. ಐದು ಮಾರ್ಕರ್‌ಗಳನ್ನು ಮಾತ್ರ ಇದೇ ಕ್ರಮದಲ್ಲಿ ಕೊಡುತ್ತೇನೆ:

ಡಿವೈಎಸ್ 393: 13, 13, 12
ಡಿವೈಎಸ್ 390: 24, 24, 23
ಡಿವೈಎಸ್ 19: 14, 14, 15
ಡಿವೈಎಸ್ 391: 11, 10, 10
ಡಿವೈಎಸ್ 576: 18, 17, 18

ಹಿರಿಯ ಮತ್ತು ಕಿರಿಯ ಕವಲಿನವರ ನಡುವೆ 391ರಲ್ಲಿ ಒಂದು, 576ರಲ್ಲಿ ಒಂದು ವ್ಯತ್ಯಾಸ. ಉಳಿದ ಮಾರ್ಕರ್‌ಗಳೆಲ್ಲ ಒಂದೇ ಅಂತಿದ್ದರೆ ಅವರ 'ಜೆನೆಟಿಕ್ ಡಿಸ್ಟೆನ್ಸ್', ಅಂದರೆ ಸಂಖ್ಯೆಗಳ ಒಟ್ಟು ಅಂತರ, 2. ಹೊರಗಿನವನ ಜೊತೆ ಐದರಲ್ಲೇ ನಾಲ್ಕು ವ್ಯತ್ಯಾಸ, 37 ಪೂರ್ತಿ ಎಣಿಸಿದರೆ ಇಪ್ಪತ್ತು ದಾಟುತ್ತದೆ ಅಂದುಕೊಳ್ಳಿ.

ಈಗ 391ನ್ನು ಮತ್ತೆ ನೋಡಿ. ಅಲ್ಲಿ ಕಿರಿಯ ಕವಲಿನವನಿಗೂ ಹೊರಗಿನವನಿಗೂ 10. 576ರಲ್ಲಿ ಹಿರಿಯ ಕವಲಿನವನಿಗೂ ಹೊರಗಿನವನಿಗೂ 18. ಇದರಲ್ಲಿ ಏನೂ ಗುಟ್ಟಿಲ್ಲ. ಒಂದೊಂದು ಮಾರ್ಕರ್‌ನ ಸಂಖ್ಯೆ ಲಕ್ಷಾಂತರ ಜನರಲ್ಲಿ ಒಂದೇ ಇರುತ್ತದೆ. ಒಂದು ಮಾರ್ಕರ್ ಹಿಡಿದುಕೊಂಡು ನೆಂಟಸ್ತಿಕೆ ಕಟ್ಟುವವರನ್ನು ನೋಡಿದ್ದೇನೆ, ನೀವು ಹಾಗೆ ಮಾಡಬೇಡಿ. ಇಡೀ ಸಾಲನ್ನು ನೋಡಿ.

ಫ್ಯಾಮಿಲಿಟ್ರೀಡಿಎನ್‌ಎ 37 ಮಾರ್ಕರ್‌ಗಳಲ್ಲಿ ಅಂತರ 4 ಅಥವಾ ಕಡಿಮೆ ಇದ್ದವರನ್ನು ಹೊಂದಿಕೆ ಪಟ್ಟಿಯಲ್ಲಿ ತೋರಿಸುತ್ತದೆ. 111 ಮಾರ್ಕರ್‌ಗಳಲ್ಲಿ 10 ಅಥವಾ ಕಡಿಮೆ. ಇವು ಪಟ್ಟಿಯ ಗಡಿಗಳು, ತೀರ್ಪಲ್ಲ. ಸರ್‌ನೇಮ್ ಒಂದೇ, ಪ್ರದೇಶ ಒಂದೇ, 37ರಲ್ಲಿ ಅಂತರ 2 ಅಂದರೆ ಒಂದೇ ಮೂಲ ಅಂತ ಧೈರ್ಯವಾಗಿ ಹೇಳಬಹುದು. ಹೆಸರೂ ಬೇರೆ, ಪ್ರದೇಶವೂ ಬೇರೆ, ಅಂತರ 4 ಅಂದರೆ ಸರ್‌ನೇಮ್‌ಗಳು ಹುಟ್ಟುವ ಮೊದಲೇ ಬೇರೆಯಾದ ಸಾಲುಗಳಿರಬಹುದು.

ಕೆಲವು ಮಾರ್ಕರ್‌ಗಳು ಬೇಗ ಬದಲಾಗುತ್ತವೆ, ಕೆಲವು ನಿಧಾನ. ಸಿಡಿವೈ, ಡಿವೈಎಸ್ 576, ಡಿವೈಎಸ್ 570 ಬೇಗ ಬದಲಾಗುವವು. ಡಿವೈಎಸ್ 393 ಬಹಳ ನಿಧಾನ. ಹಾಗಾಗಿ ಸಿಡಿವೈಯಲ್ಲಿ ಒಂದು ವ್ಯತ್ಯಾಸಕ್ಕೂ 393ರಲ್ಲಿ ಒಂದು ವ್ಯತ್ಯಾಸಕ್ಕೂ ಒಂದೇ ತೂಕ ಕೊಡಬಾರದು.

ಸಂಖ್ಯೆಗಳ ಜೊತೆ ಹ್ಯಾಪ್ಲೋಗ್ರೂಪ್ ಕೂಡ ಕೊಡುತ್ತಾರೆ. ಹ್ಯಾಪ್ಲೋಗ್ರೂಪ್ ಅಂದರೆ ಮಾನವಕುಲದ ಗಂಡುಸಾಲುಗಳ ದೊಡ್ಡ ಮರದಲ್ಲಿ ನಿಮ್ಮ ಕೊಂಬೆ. ಆರ್, ಐ, ಜೆ, ಎಲ್, ಎಚ್ ಹೀಗೆ ಅಕ್ಷರಗಳಿಂದ ಗುರುತಿಸುತ್ತಾರೆ. ಒಬ್ಬನದು ಆರ್, ಇನ್ನೊಬ್ಬನದು ಎಚ್ ಅಂತ ಬಂದರೆ ಕೆಲಸ ಅಲ್ಲಿಗೇ ಮುಗಿಯಿತು. ಆ ಕೊಂಬೆಗಳು ಕವಲೊಡೆದು ಹತ್ತಾರು ಸಾವಿರ ವರ್ಷಗಳಾಗಿವೆ, ಇನ್ನು ಮಾರ್ಕರ್ ಎಣಿಸುವ ಅಗತ್ಯವಿಲ್ಲ. ಆದರೆ ಇಬ್ಬರದೂ ಆರ್ ಅಂತ ಬಂದರೆ ಕುಣಿಯಬೇಡಿ. ಕೋಟಿಗಟ್ಟಲೆ ಜನ ಆ ಕೊಂಬೆಯಲ್ಲಿದ್ದಾರೆ.

8. "ಯಾವ ತಲೆಮಾರಿನಲ್ಲಿ ಬೇರೆಯಾದೆವು?"

ಹೊಂದಿಕೆ ಸಿಕ್ಕ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. 37 ಮಾರ್ಕರ್‌ಗಳಲ್ಲಿ ಯಾವುದೋ ಒಂದು ಬದಲಾಗಲು ಒಂದು ಗಂಡುಸಾಲಿನಲ್ಲಿ ಸರಾಸರಿ ಐದರಿಂದ ಏಳು ತಲೆಮಾರು ಬೇಕು. ಆದರೆ ಇದು ಸರಾಸರಿ. ಅಪ್ಪ ಮಗನ ನಡುವೆಯೇ ಒಂದು ಬದಲಾವಣೆ ಆಗಬಹುದು, ಹತ್ತು ತಲೆಮಾರು ಏನೂ ಆಗದೇ ಇರಬಹುದು. ಹಾಗಾಗಿ ಕಂಪನಿ ತೋರಿಸುವ ಅಂದಾಜು "ಇಷ್ಟರಿಂದ ಇಷ್ಟು ತಲೆಮಾರಿನ ಒಳಗೆ" ಅಂತ ಅಗಲವಾಗಿಯೇ ಇರುತ್ತದೆ. ಅದರ ನಡುವಿನ ಸಂಖ್ಯೆ ಹಿಡಿದು "1720ರಲ್ಲಿ ಬೇರೆಯಾದೆವು" ಅಂತ ವಂಶವೃಕ್ಷದಲ್ಲಿ ಬರೆದರೆ ಅದು ಸುಳ್ಳು ಲೆಕ್ಕ.

ಇನ್ನೂ ಮುಖ್ಯವಾದದ್ದು: ವೈ-ಡಿಎನ್‌ಎ ಸಾಲನ್ನು ತೋರಿಸುತ್ತದೆ, ಆಸಾಮಿಯನ್ನು ತೋರಿಸುವುದಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಪ್ರಕರಣವನ್ನೇ ತೆಗೆದುಕೊಳ್ಳಿ. ಅವರ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಳ ಮಕ್ಕಳಿಗೆ ಅವರೇ ತಂದೆಯೇ ಅನ್ನುವ ವಾದ ಎರಡು ಶತಮಾನ ನಡೆದಿತ್ತು. ಮದುವೆಯಾದ ಹೆಂಡತಿಯಿಂದ ಜೆಫರ್ಸನ್‌ರ ಗಂಡುಸಾಲು ಮುಂದುವರಿದಿರಲಿಲ್ಲ. ಹಾಗಾಗಿ ಅವರ ಚಿಕ್ಕಪ್ಪ-ದೊಡ್ಡಪ್ಪಂದಿರ ಪೈಕಿ ಫೀಲ್ಡ್ ಜೆಫರ್ಸನ್ ಎಂಬವರ ಗಂಡುಸಂತತಿಯ ಸ್ಯಾಂಪಲ್ ತೆಗೆದುಕೊಂಡರು. 1998ರಲ್ಲಿ ಬಂದ ಫಲಿತಾಂಶ: ಸ್ಯಾಲಿಯ ಕಿರಿಯ ಮಗ ಎಸ್ಟನ್‌ನ ವಂಶದವನ ವೈ ಹೊಂದಿತು. ಆದರೆ ಡಿಎನ್‌ಎ ಹೇಳಿದ್ದು ಎಸ್ಟನ್‌ನ ತಂದೆ ಜೆಫರ್ಸನ್ ಗಂಡುಸಾಲಿನ ಒಬ್ಬ ಅಂತ ಮಾತ್ರ. ಅದು ಥಾಮಸ್ ಜೆಫರ್ಸನ್ನೇ ಅನ್ನುವ ಕಡೆಗೆ ಹೆಚ್ಚಿನ ಇತಿಹಾಸಕಾರರು ವಾಲಿದ್ದು ದಾಖಲೆಗಳಿಂದ. ಸ್ಯಾಲಿಗೆ ಮಕ್ಕಳಾದ ಸಮಯಕ್ಕೂ ಅವರು ಮನೆಯಲ್ಲಿದ್ದ ದಿನಗಳಿಗೂ ತಾಳೆಯಾಗುತ್ತಿತ್ತು. ನಿಮ್ಮ ಹುಡುಕಾಟದಲ್ಲೂ ಕೊನೆಯ ಮಾತು ಕಾಗದಪತ್ರದ್ದೇ.

9. ಹೊಂದದಿದ್ದರೆ?

ಗಾಬರಿ ಬೇಡ. ಗುಸುಗುಸು ಮೊದಲೇ ಬೇಡ. ಹೆಸರು ಒಂದೇ ಇದ್ದು ವೈ ಬೇರೆ ಬರಲು ಕಾರಣಗಳು ಬಹಳ. ಹೆಸರು ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿರಬಹುದು. ದತ್ತು ತೆಗೆದುಕೊಂಡಿರಬಹುದು. ಮನೆಅಳಿಯನಾಗಿ ಬಂದವನು ಮಾವನ ಮನೆತನದ ಹೆಸರು ಇಟ್ಟುಕೊಂಡಿರಬಹುದು. ತಾಯಿ ಎರಡನೇ ಮದುವೆಯಾದಾಗ ಮಗನಿಗೆ ಹೊಸ ಅಪ್ಪನ ಹೆಸರು ಬಂದಿರಬಹುದು. ಯಜಮಾನನ ಹೆಸರನ್ನು ಆಳು ತನ್ನದಾಗಿ ಮಾಡಿಕೊಂಡಿರಬಹುದು. ಮದುವೆಯಾಚೆಯ ಸಂಬಂಧವೂ ಇರಬಹುದು, ಆದರೆ ಅದು ಪಟ್ಟಿಯಲ್ಲಿ ಒಂದು ಅಷ್ಟೇ.

ಪಶ್ಚಿಮ ಯುರೋಪಿನ ಮನೆತನಗಳಲ್ಲಿ ದಾಖಲೆಯ ಅಪ್ಪನೇ ನಿಜವಾದ ಅಪ್ಪನಲ್ಲದ ಪ್ರಮಾಣ ಪ್ರತಿ ತಲೆಮಾರಿಗೆ ನೂರಕ್ಕೆ ಸುಮಾರು 1 ಅಂತ ವೈ-ಡಿಎನ್‌ಎ ಅಧ್ಯಯನಗಳು ಹೇಳುತ್ತವೆ. ಕಡಿಮೆ ಅನಿಸುತ್ತದೆ ಅಲ್ವಾ? ಲೆಕ್ಕ ಹಾಕಿ. ಇಬ್ಬರು ದಾಯಾದಿಗಳಿಗೆ ಮೂಲಪುರುಷ ಹತ್ತು ತಲೆಮಾರು ಹಿಂದೆ. ಒಬ್ಬೊಬ್ಬರ ಕಡೆ ಹತ್ತು, ಒಟ್ಟು ಇಪ್ಪತ್ತು ಕೊಂಡಿಗಳು. ಇಪ್ಪತ್ತರಲ್ಲಿ ಒಂದಾದರೂ ಕಳಚುವ ಸಾಧ್ಯತೆ ನೂರಕ್ಕೆ 18ರಷ್ಟು. ವಂಶವೃಕ್ಷ ಎಷ್ಟೇ ಚೆನ್ನಾಗಿದ್ದರೂ ಐದಾರು ಜೋಡಿಗಳಲ್ಲಿ ಒಂದು ಜೋಡಿ ಹೊಂದುವುದಿಲ್ಲ.

ಯಾವ ಕೊಂಡಿ ಅಂತ ಕಂಡುಹಿಡಿಯಲು ಮೂರನೆಯವನೊಬ್ಬನ ಸ್ಯಾಂಪಲ್ ಬೇಕು. ಹೊಂದದ ಕವಲಿನಲ್ಲಿ ಮಧ್ಯದ ಒಬ್ಬ ಪೂರ್ವಜನನ್ನು ಹಿಡಿದು, ಅವನ ಇನ್ನೊಬ್ಬ ಮಗನ ಸಾಲಿನಿಂದ ಒಬ್ಬನನ್ನು ಆರಿಸಿ. ಅವನದು ಮೂಲಪುರುಷನ ವೈಗೆ ಹೊಂದಿದರೆ ಕೊಂಡಿ ಕಳಚಿದ್ದು ಆ ಪೂರ್ವಜನಿಂದ ಈಚೆಗೆ. ಹೊಂದದಿದ್ದರೆ ಬಹುಶಃ ಆಚೆಗೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋಗಬಹುದು. ಆದರೆ ಒಂದು ಮಾತು: ಕೊಂಡಿ ಈಚಿನ ಒಂದೆರಡು ತಲೆಮಾರಿನೊಳಗೆ ಬಂತು ಅನಿಸಿದ ಕೂಡಲೇ ನಿಲ್ಲಿಸಿ. ಸ್ಯಾಂಪಲ್ ಕೊಟ್ಟವರ ಜೊತೆ ಒಬ್ಬರೇ ಕೂತು ಮಾತಾಡಿ. ಮುಂದೆ ಹೋಗಬೇಕೋ ಬೇಡವೋ ಅವರು ಹೇಳಲಿ. ಮನೆಯವರ ವಾಟ್ಸಾಪ್ ಗುಂಪಿಗೆ ಫಲಿತಾಂಶ ಹಾಕುವ ಕೆಲಸ ಅಪ್ಪಿತಪ್ಪಿಯೂ ಮಾಡಬೇಡಿ.

ಪಟ್ಟಿಯಲ್ಲಿ ಒಬ್ಬರೂ ಬರಲಿಲ್ಲ ಅಂದರೆ? ನಿಮ್ಮ ಸಾಲಿನವರು ಯಾರೂ ಇನ್ನೂ ಆ ಕಂಪನಿಯಲ್ಲಿ ಟೆಸ್ಟ್ ಮಾಡಿಸಿಲ್ಲ ಅಂತ ಅರ್ಥ. ಈ ಪಟ್ಟಿಗಳಲ್ಲಿ ಯುರೋಪ್ ಮೂಲದವರೇ ಜಾಸ್ತಿ. ಬೇರೆ ಕಡೆಯವರಿಗೆ ಖಾಲಿ ಪಟ್ಟಿ ಬರುವುದು ಮಾಮೂಲು. ನಿಮಗೆ ಬೇಕಾದ ಮನೆತನದವರನ್ನು ನೀವೇ ಹುಡುಕಿ ಕೇಳಬೇಕು.

10. ಆಟೋಸೋಮಲ್ ಟೆಸ್ಟ್ ಯಾವಾಗ?

ಎರಡು ಮನೆತನಗಳ ನಂಟು ಮೂರು ನಾಲ್ಕು ತಲೆಮಾರಿನೊಳಗೆ ಇರಬಹುದು ಅನ್ನುವ ಅನುಮಾನವಿದ್ದರೆ, ಅಥವಾ ಗಂಡುಸಾಲು ನಿಂತುಹೋಗಿ ಹೆಣ್ಣುಮಕ್ಕಳ ಸಂತತಿ ಮಾತ್ರ ಉಳಿದಿದ್ದರೆ. ಇಲ್ಲಿ ಹಂಚಿಕೊಂಡ ಡಿಎನ್‌ಎಯನ್ನು ಸೆಂಟಿಮೋರ್ಗನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಬ್ಬನೇ ಅಜ್ಜನ ಮೊಮ್ಮಕ್ಕಳ ನಡುವೆ ಸರಾಸರಿ 870ರ ಆಸುಪಾಸು, ಒಬ್ಬನೇ ಮುತ್ತಜ್ಜನಾದರೆ 230, ಇನ್ನೊಂದು ತಲೆಮಾರು ಹಿಂದೆ ಹೋದರೆ 70. ಅಲ್ಲಿಂದ ಮುಂದೆ ನಂಬಿಕೆ ಕಡಿಮೆ. ಐದು ತಲೆಮಾರು ಹಿಂದಿನ ಒಬ್ಬನೇ ಪೂರ್ವಜನ ಸಂತತಿಯಲ್ಲಿ ಅರ್ಧದಷ್ಟು ಜೋಡಿಗಳಿಗೆ ಹಂಚಿಕೊಂಡ ಡಿಎನ್‌ಎ ಏನೂ ಕಾಣುವುದೇ ಇಲ್ಲ. ನೆಂಟಸ್ತಿಕೆ ನಿಜ, ಟೆಸ್ಟ್‌ನಲ್ಲಿ ಸೊನ್ನೆ.

ಸಂಬಂಧದೊಳಗೇ ಮದುವೆಗಳು ನಡೆದುಬಂದ ಕುಟುಂಬಗಳಲ್ಲಿ ಇದರ ಉಲ್ಟಾ ಆಗುತ್ತದೆ. ನಾಲ್ಕೈದು ದಾರಿಯಿಂದ ಬಂದ ತುಣುಕುಗಳು ಸೇರಿ ದೂರದ ನೆಂಟ ಹತ್ತಿರದವನ ಹಾಗೆ ಕಾಣುತ್ತಾನೆ. ಅಂಥಲ್ಲಿ ಮೇಲಿನ ಸಂಖ್ಯೆಗಳನ್ನು ಹಾಗೇ ನಂಬಬೇಡಿ. ವೈ-ಡಿಎನ್‌ಎಗೆ ಈ ತೊಂದರೆ ಇಲ್ಲ, ಅದರ ದಾರಿ ಒಂದೇ.

11. ಬಿಗ್ ವೈ, ಮತ್ತು ಹಿರಿಯರ ಸ್ಯಾಂಪಲ್

ಒಂದೇ ಮೂಲದವರು ಅಂತ ಖಾತ್ರಿಯಾದ ಮೇಲೆ ಯಾವ ಕವಲು ಯಾವುದಕ್ಕೆ ಹತ್ತಿರ ಅಂತ ತಿಳಿಯಬೇಕಿದ್ದರೆ ಆಗ ಬಿಗ್ ವೈ ಮಾಡಿಸಿ. ಅದು ಎಸ್‌ಎನ್‌ಪಿಗಳನ್ನು ಹುಡುಕುತ್ತದೆ. ಎಸ್‌ಎನ್‌ಪಿ ಅಂದರೆ ಡಿಎನ್‌ಎಯ ಒಂದೇ ಅಕ್ಷರ ಬದಲಾದ ಜಾಗ. ಎಸ್‌ಟಿಆರ್ ಸಂಖ್ಯೆ ಏರಿ ಮತ್ತೆ ಇಳಿಯಬಹುದು, ಎಸ್‌ಎನ್‌ಪಿ ಹಾಗೆ ವಾಪಸ್ ಬರುವುದು ಅಪರೂಪ. ಹಾಗಾಗಿ ಕವಲಿನ ಗುರುತಿಗೆ ಅದೇ ಗಟ್ಟಿ. ಒಂದು ಸಾಲಿನಲ್ಲಿ ಸರಾಸರಿ ಎಂಬತ್ತು ವರ್ಷಗಳ ಆಸುಪಾಸಿಗೆ ಒಂದು ಹೊಸ ಎಸ್‌ಎನ್‌ಪಿ ಸಿಗುತ್ತದೆ. ಗುಂಪಿನ ಎಲ್ಲರೂ ಮಾಡಿಸಬೇಕಿಲ್ಲ, ಒಂದೊಂದು ಕವಲಿಗೆ ಒಬ್ಬರು ಸಾಕು.

ಸ್ಯಾಂಪಲ್ ಕೊಟ್ಟವರು ವಯಸ್ಸಾದವರಾಗಿದ್ದು, ಅವರ ಸಾಲಿನಲ್ಲಿ ಬೇರೆ ಗಂಡಸರು ಇಲ್ಲದಿದ್ದರೆ ಮಾತ್ರ ಈ ಹಂತಗಳ ಕ್ರಮ ಬದಲಿಸಿ, ಮೊದಲೇ ದೊಡ್ಡ ಟೆಸ್ಟ್ ಮಾಡಿಸಿ. ಉಳಿದ ಸ್ಯಾಂಪಲ್ ಅನ್ನು ಲ್ಯಾಬಿನಲ್ಲಿ ಇಟ್ಟಿರುತ್ತಾರೆ ನಿಜ, ಆದರೆ ವರ್ಷಗಳು ಕಳೆದಂತೆ ಅದು ಕೆಡಬಹುದು, ಖಾಲಿಯೂ ಆಗಬಹುದು. ಜೊತೆಗೆ ಖಾತೆಯಲ್ಲಿ ವಾರಸುದಾರರ ಹೆಸರು ಬರೆಸುವ ಅವಕಾಶ ಇದ್ದರೆ ಆಗಲೇ ಬರೆಸಿ. ಲಾಗಿನ್‌ಗೆ ಬಳಸಿದ ಇಮೇಲ್ ಯಾವುದು ಅನ್ನುವುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ. ಹೊಂದಿಕೆಯ ಸುದ್ದಿ ನಾಲ್ಕು ವರ್ಷ ಬಿಟ್ಟು ಬಂದರೂ ಬರುವುದು ಆ ಇಮೇಲ್‌ಗೇ.